ಹಿರಿಯರ ಕೈಗೆ ಒಪ್ಪುವ ಫೋನು

ಮನೆಯ ಹಿರಿಯರೊಬ್ಬರಿಗೆ ಸರಳವಾದ ಒಂದು ಮೊಬೈಲ್ ಫೋನನ್ನು ಆರಿಸಿ ತಂದುಕೊಡುವ ಕೆಲಸ ಮೇಲುನೋಟಕ್ಕೆ ಅಲ್ಪವಾದುದು; ಅಂಗಡಿಗೆ ಹೋಗಿ, ಇದ್ದುದರಲ್ಲಿ ಅಗ್ಗವಾದುದನ್ನು ಕೇಳಿ, ಹಣ ತೆತ್ತು, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಂದರೆ ಮುಗಿಯಿತೆಂದು ತೋರುತ್ತದೆ. ಆದರೆ ಆ ಕೆಲಸಕ್ಕೆ ಮನಸ್ಸಿಟ್ಟು ಕೈಹಾಕಿದವರು ಬಲ್ಲರು: ಅದರಲ್ಲಿ ಕಣ್ಣಿನ ವಿಚಾರವುಂಟು, ಕಿವಿಯ ವಿಚಾರವುಂಟು, ಬೆರಳಿನ ವಿಚಾರವುಂಟು, ಊರಾಚೆಯ ಗುಡ್ಡದ ಮೇಲೆ ನಿಂತಿರುವ ಟವರಿನ ವಿಚಾರವುಂಟು, ಇವೆಲ್ಲಕ್ಕೂ ಮಿಗಿಲಾಗಿ, ಎಪ್ಪತ್ತು ಎಂಬತ್ತು ವರ್ಷಕಾಲ ತನ್ನ ಸಂಸಾರವನ್ನು ತಾನೇ ತೂಗಿಸಿಕೊಂಡು ಬಂದ ಒಂದು ಜೀವದ ಸ್ವಾಭಿಮಾನದ ವಿಚಾರವುಂಟು.

ಮಗ ಹೊಸ ಫೋನು ಕೊಂಡಾಗ ಅವನ ಹಳೆಯ ಟಚ್ ಸೆಟ್ಟು ಅಪ್ಪನ ಪಾಲಿಗೆ ಬರುವುದು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ಕೊಡುವವನಲ್ಲಿ ಪ್ರೀತಿಯಿಲ್ಲವೆಂದು ಯಾರೂ ಹೇಳಲಾರರು. ಆದರೆ ಸಂಜೆಯವರೆಗೆ ಚಾರ್ಜು ನಿಲ್ಲದ, ಮುಟ್ಟಿದರೆ ಒಂದು ಬಿಟ್ಟು ಇನ್ನೊಂದು ತೆರೆದುಕೊಳ್ಳುವ, ದಿನಕ್ಕೊಂದು ಬಾರಿ ಏನನ್ನೋ ನವೀಕರಿಸಬೇಕೆಂದು ಕೇಳುವ ಆ ಯಂತ್ರದ ಮುಂದೆ ಕುಳಿತ ತಂದೆ, ಬರಬರುತ್ತ ತನ್ನ ಬುದ್ಧಿಯೇ ಮಂದವಾಯಿತೆಂದು ಭಾವಿಸತೊಡಗುತ್ತಾನೆ. ದೋಷವಿರುವುದು ಅವನ ಬುದ್ಧಿಯಲ್ಲಿ ಅಲ್ಲ. ಟ್ರಂಕ್ ಕಾಲಿಗೆ ಹೆಸರು ಬರೆಸಿ ಗಂಟೆಗಟ್ಟಲೆ ಕಾದವರು, ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ತಯಾರಾದ ಕರಿಯ ಫೋನಿನ ಚಕ್ರವನ್ನು ತಿರುಗಿಸಿ ಮಾತನಾಡಿದವರು, ಎಸ್‌ಟಿಡಿ ಬೂತಿನಲ್ಲಿ ಮೀಟರಿನ ಅಂಕಿಯ ಮೇಲೆ ಕಣ್ಣಿಟ್ಟು ಮನೆಯ ಸಮಾಚಾರವನ್ನೆಲ್ಲ ಎರಡು ನಿಮಿಷಕ್ಕೆ ಇಳಿಸಿದವರು ಅವರು. ಹೊಸ ಸಾಧನವನ್ನು ಕಲಿತು ಒಗ್ಗಿಸಿಕೊಳ್ಳುವ ಶಕ್ತಿ ಆ ತಲೆಮಾರಿಗೆ ಇಲ್ಲದಿರಲಿಲ್ಲ. ಇಂದು ಅವರ ಕೈಗೆ ಬರುತ್ತಿರುವ ಸಾಧನ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದುದಲ್ಲ, ಅಷ್ಟೆ. ಇನ್ನೊಬ್ಬರ ಕಣ್ಣಿನ ಅಳತೆಗೆ ಮಾಡಿಸಿದ ಕನ್ನಡಕವನ್ನು ತಂದು ತೊಡಿಸಿ, ಓದಲಾರದವರನ್ನು ನಿರಕ್ಷರಿಗಳೆಂದು ಕರೆಯುವುದು ಎಷ್ಟು ನ್ಯಾಯವೋ ಇದೂ ಅಷ್ಟೇ ನ್ಯಾಯ.

ಅವಶ್ಯಕತೆಯಿಂದ ಹುಟ್ಟಿದ ರೂಪ

ಕೈಯಲ್ಲಿ ಹಿಡಿದು ನಡೆದಾಡುತ್ತ ಮಾತನಾಡಬಲ್ಲ ಫೋನಿನ ಮೊದಲ ಕರೆಯನ್ನು 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮಾಡಿದವರು ಮೋಟೊರೊಲಾ ಸಂಸ್ಥೆಯ ಮಾರ್ಟಿನ್ ಕೂಪರ್. ಆ ಫೋನಿನ ತೂಕ ಒಂದು ಕಿಲೋಗಿಂತ ಹೆಚ್ಚು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದುದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದಾಗ. ಮಾಡಿದ ಕರೆಗೂ ಹಣ, ಬಂದ ಕರೆಗೂ ಹಣ ಎಂಬ ಆ ಕಾಲದ ಏರ್ಪಾಡು ಹೋಗಿ, ಒಳಬರುವ ಕರೆ ಉಚಿತವಾದುದು 2003ರಲ್ಲಿ.

ಅದೇ 2003ರಲ್ಲಿ ಬಂದ ನೋಕಿಯಾ 1100 ಎಂಬ ಫೋನನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ಬಿಸಿಲು, ಧೂಳು, ಬೆವರು ಮತ್ತು ಕರೆಂಟಿಲ್ಲದ ರಾತ್ರಿಗಳಿರುವ ದೇಶಗಳ ಜನರನ್ನು ಉದ್ದೇಶಿಸಿ ರೂಪಿಸಿದ ಆ ಫೋನಿನಲ್ಲಿ ಧೂಳು ಒಳಸೇರದಂತೆ ಇಡಿಯಾಗಿ ಹೊದಿಸಿದ ಗುಂಡಿಗಳ ಫಲಕವಿತ್ತು, ಬೆವರಿದ ಕೈಯಿಂದ ಜಾರದಂತೆ ಒರಟು ಮಾಡಿದ ಅಂಚಿತ್ತು, ತಲೆಯಲ್ಲೊಂದು ಟಾರ್ಚಿತ್ತು. ಕ್ಯಾಮೆರಾ ಇರಲಿಲ್ಲ, ಬಣ್ಣದ ಪರದೆಯೂ ಇರಲಿಲ್ಲ. ಹಾಗಿದ್ದೂ ಅದು ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಏನನ್ನು ಸೇರಿಸಬೇಕು ಎಂಬುದರಷ್ಟೇ ಗಂಭೀರವಾಗಿ ಏನನ್ನು ಬಿಡಬೇಕು ಎಂಬುದನ್ನೂ ಅದನ್ನು ರೂಪಿಸಿದವರು ಆಲೋಚಿಸಿದ್ದರೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ. ಸರಳತೆಯೆಂಬುದು ಹೀಗೆ ವಿವೇಕದ ಫಲವಾಗಿ ಬಂದಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಅಗ್ಗದ ಫಲವಾಗಿ ಬಂದ ಸರಳತೆ ಎರಡು ತಿಂಗಳಲ್ಲಿ ಗುಂಡಿ ಸವೆದು ಮೂಲೆ ಸೇರುತ್ತದೆ.

ಹೊರದೇಶಗಳಲ್ಲಿ ಈ ವಿವೇಕ ವೃದ್ಧರ ಕಡೆಗೇ ನೇರವಾಗಿ ತಿರುಗಿದೆ. ಜಪಾನಿನ ಡೊಕೊಮೊ ಸಂಸ್ಥೆ ಹೊರತಂದ ರಾಕುರಾಕು ಫೋನುಗಳಲ್ಲಿ ಮಗ, ಮಗಳು, ವೈದ್ಯರು ಎಂದು ಮೂವರಿಗೆ ಗೊತ್ತುಮಾಡಿಕೊಳ್ಳಬಹುದಾದ ಮೂರು ಪ್ರತ್ಯೇಕ ಗುಂಡಿಗಳಿದ್ದವು. ಆಚೆಯವರು ಅವಸರವಾಗಿ ಮಾತನಾಡಿದರೆ ಆ ಮಾತನ್ನು ನಿಧಾನಗೊಳಿಸಿ ಕೇಳಿಸುವ ಏರ್ಪಾಡೂ ಇತ್ತು. ಸ್ವೀಡನ್ನಿನ ಡೋರೋ ಸಂಸ್ಥೆ ಹಿರಿಯರ ಫೋನುಗಳಿಗಾಗಿಯೇ ಹೆಸರಾಗಿದೆ. ಅಮೆರಿಕದಲ್ಲಿ 2006ರಲ್ಲಿ ಬಂದ ಜಿಟರ್‌ಬಗ್ ಎಂಬ ಫೋನನ್ನು ತೆರೆದು ಕಿವಿಗಿಟ್ಟರೆ, ಹಳೆಯ ಕಾಲದ ಮನೆಯ ಫೋನಿನಂತೆ ಡಯಲ್ ಟೋನು ಕೇಳಿಸುತ್ತಿತ್ತು. ಲೈನಿದೆಯೋ ಇಲ್ಲವೋ ಎಂಬುದನ್ನು ಆ ತಲೆಮಾರಿನವರು ಬಲ್ಲ ಗುರುತಿನಿಂದಲೇ ತಿಳಿಸುವುದು ಅದರ ಉದ್ದೇಶ. ಆ ಫೋನಿನ ಹಿಂದಿದ್ದವರು ಆರ್ಲೀನ್ ಹ್ಯಾರಿಸ್ ಮತ್ತು ಅವರ ಪತಿ, ಮೇಲೆ ಹೇಳಿದ ಅದೇ ಮಾರ್ಟಿನ್ ಕೂಪರ್. ಮೊದಲ ಕರೆಯನ್ನು ಮಾಡಿದ ಮನುಷ್ಯನೇ ಮೂರು ದಶಕಗಳ ಮೇಲೆ ವೃದ್ಧರಿಗೆ ಬೇಡದ ಗುಂಡಿಗಳನ್ನು ತೆಗೆದುಹಾಕುವ ಕೆಲಸದಲ್ಲಿ ತೊಡಗಿದನೆಂಬುದು ಈ ಕೆಲಸದ ಘನತೆಯನ್ನು ತೋರಿಸುತ್ತದೆ.

ನಮ್ಮಲ್ಲಿಯೂ ದೊಡ್ಡ ಗುಂಡಿ, ದೊಡ್ಡ ಅಕ್ಷರ, ಬೆನ್ನಿನ ಮೇಲೊಂದು ಎಸ್‌ಒಎಸ್ ಗುಂಡಿಯಿರುವ, ಹಿರಿಯರಿಗೆಂದೇ ಮಾಡಿದ ಈಸಿಫೋನಿನಂಥ ಸೆಟ್ಟುಗಳು ದೊರೆಯುತ್ತವೆ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ತಾಲೂಕು ಕೇಂದ್ರದ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಾಗಲಿ ಅವು ಕಣ್ಣಿಗೆ ಬೀಳುವುದು ಅಪರೂಪ. ಗಾಜಿನ ಕಪಾಟಿನ ಕೆಳಗಿನ ಸಾಲಿನಲ್ಲಿ ಸಾಮಾನ್ಯವಾದ ಕೀಪ್ಯಾಡ್ ಸೆಟ್ಟುಗಳು ಸಾವಿರದಿಂದ ಎರಡೂವರೆ ಸಾವಿರ ರೂಪಾಯಿಯೊಳಗಿನ ಬೆಲೆಚೀಟಿ ಹೊತ್ತು ಕುಳಿತಿರುತ್ತವೆ. ಅವನ್ನು ಕೇಳಿದೊಡನೆ ಅಂಗಡಿಯ ಹುಡುಗ, "ಸಾರ್, ಇನ್ನೊಂದೆರಡು ಸಾವಿರ ಹಾಕಿದ್ರೆ ಟಚ್ ಸೆಟ್ಟೇ ಬರುತ್ತಲ್ಲ" ಎನ್ನುವುದೂ ತಪ್ಪದು. ಆ ಮಾತಿಗೆ ಮರುಳಾಗದೆ ಕೆಳಗಿನ ಸಾಲಿನವನ್ನೇ ಒಂದೊಂದಾಗಿ ತೆಗೆಸಿ ನೋಡುವುದು ಕೊಳ್ಳುವವನ ಮೊದಲ ಕರ್ತವ್ಯ.

ಕಣ್ಣು, ಕಿವಿ, ಬೆರಳು

ವಯಸ್ಸಾದಂತೆ ಕಣ್ಣಿನ ಮಸೂರ ತನ್ನ ನಮ್ಯತೆಯನ್ನು ಕಳೆದುಕೊಂಡು ಹತ್ತಿರದ ಅಕ್ಷರಗಳು ಮಸುಕಾಗುವುದನ್ನು ಎಲ್ಲರೂ ಬಲ್ಲರು. ಪೊರೆ ಬಂದ ಕಣ್ಣಿಗೆ ತೆಳುಬಣ್ಣದ ಹಿನ್ನೆಲೆಯ ಮೇಲಿನ ತೆಳುಬಣ್ಣದ ಅಕ್ಷರ ಕಾಣಿಸದೆಂಬುದನ್ನು ಎಲ್ಲರೂ ಗಮನಿಸಿರುವುದಿಲ್ಲ. ಆದುದರಿಂದ ಪರದೆಯ ಅಗಲಕ್ಕಿಂತ ಅಂಕಿಗಳ ಗಾತ್ರ ಮತ್ತು ಕಪ್ಪುಬಿಳುಪಿನ ಸ್ಪಷ್ಟ ಭೇದ ಮುಖ್ಯ. ಅಂಗಡಿಯ ಪ್ರಖರವಾದ ದೀಪದ ಕೆಳಗೆ ಎಲ್ಲ ಪರದೆಗಳೂ ಚೆನ್ನಾಗಿಯೇ ಕಾಣುತ್ತವೆ. ಬಾಗಿಲಾಚೆಯ ಬಿಸಿಲಿಗೆ ಒಯ್ದು ನೋಡಿದಾಗ ನಿಜ ತಿಳಿಯುತ್ತದೆ. ಗುಂಡಿಗಳ ಹಿಂದೆ ಬೆಳಕು ಹತ್ತುವುದೋ ಇಲ್ಲವೋ ಎಂಬುದನ್ನೂ ನೋಡಬೇಕು, ಏಕೆಂದರೆ ಹಿರಿಯರು ಗಾಬರಿಯಿಂದ ಕರೆಮಾಡುವ ಹೊತ್ತು ಹೆಚ್ಚಾಗಿ ರಾತ್ರಿಯೇ ಆಗಿರುತ್ತದೆ.

ಕಿವಿಯ ವಿಚಾರ ಇದಕ್ಕಿಂತ ಸೂಕ್ಷ್ಮವಾದುದು. ವೃದ್ಧಾಪ್ಯದ ಶ್ರವಣದೋಷ ಮೊದಲು ಕಸಿದುಕೊಳ್ಳುವುದು ಎತ್ತರದ ಸ್ಥಾಯಿಯ ಧ್ವನಿಗಳನ್ನು. ಸ, ಶ, ಚ ಮೊದಲಾದ ವ್ಯಂಜನಗಳ ಮೊನಚು ಇರುವುದು ಅಲ್ಲಿಯೇ. ಆದುದರಿಂದಲೇ ಮಾತು ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ. ಮಗಳು 'ಸಾಕು' ಎಂದದ್ದು ತಾಯಿಗೆ 'ಹಾಕು' ಎಂದು ಕೇಳಿಸುತ್ತದೆ. ಇಂಥವರಿಗೆ ಬರಿಯ ಶಬ್ದವನ್ನು ಹೆಚ್ಚಿಸಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಅರ್ಥ ಹೆಚ್ಚುವುದಿಲ್ಲ. ಹಳೆಯ 2ಜಿ ಕರೆ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. 4ಜಿ ಜಾಲದ ವೋಲ್ಟಿ ಕರೆಯಲ್ಲಿ, ಎರಡೂ ಕಡೆಯ ಫೋನುಗಳಿಗೆ ಆ ಸೌಲಭ್ಯವಿದ್ದರೆ, 7000 ಹರ್ಟ್ಸ್‌ವರೆಗಿನ ಧ್ವನಿ ಬರಬಲ್ಲುದು. ಕಳೆದುಹೋಗುತ್ತಿದ್ದ ವ್ಯಂಜನಗಳ ಅಂಚು ಹೀಗೆ ಸ್ವಲ್ಪಮಟ್ಟಿಗೆ ಮರಳುತ್ತದೆ. ರಿಂಗಿನ ವಿಚಾರದಲ್ಲಿಯೂ ಕೀಚಲು ದನಿಯ ಟ್ಯೂನನ್ನು ಬಿಟ್ಟು ತಗ್ಗು ಸ್ಥಾಯಿಯ, ಬಿಟ್ಟು ಬಿಟ್ಟು ಬಾರಿಸುವ ಗಂಟೆಯನ್ನು ಆರಿಸುವುದು ಲೇಸು. ಶ್ರವಣಯಂತ್ರ ಧರಿಸುವವರಾದರೆ ಆ ಯಂತ್ರದೊಡನೆ ಫೋನು ಕಿರಿಗುಡದೆ ಹೊಂದಿಕೊಳ್ಳುವುದೇ ಎಂಬುದನ್ನು ಒಂದು ಕರೆ ಮಾಡಿಸಿಯೇ ತಿಳಿಯಬೇಕು.

ಇನ್ನು ಬೆರಳು. ಟಚ್ ಪರದೆ ಕೆಲಸ ಮಾಡುವುದು ಚರ್ಮದ ವಿದ್ಯುತ್ ಗುಣವನ್ನು ಆಶ್ರಯಿಸಿ; ಮುಪ್ಪಿನಿಂದಲೋ ದುಡಿಮೆಯಿಂದಲೋ ಒಣಗಿ ದಡ್ಡುಗಟ್ಟಿದ ಬೆರಳನ್ನು ಅದು ಅನೇಕ ವೇಳೆ ಗುರುತಿಸುವುದೇ ಇಲ್ಲ. ನಡುಗುವ ಕೈಯಾದರೆ ಒಂದು ಸ್ಪರ್ಶವನ್ನು ಎರಡೆಂದೋ, ದೀರ್ಘವಾಗಿ ಒತ್ತಿದುದೆಂದೋ ಎಣಿಸಿ ಬೇರೆ ಏನನ್ನೋ ತೆರೆಯುತ್ತದೆ. ತೀರ್ಥಹಳ್ಳಿಯ ಕಡೆಯ ತೋಟದ ಮನೆಯಲ್ಲಿ ಒಬ್ಬರೇ ಇರುವ ನನ್ನ ದೊಡ್ಡಮ್ಮನ ಬೆರಳುಗಳು ಅಡಕೆ ಸುಲಿದು ಸುಲಿದು ಕಪ್ಪಾಗಿ ಒರಟಾದವು. ಕೀಪ್ಯಾಡ್ ಸೆಟ್ಟನ್ನು ಅವರ ಕೈಗಿತ್ತಾಗ ಅವರು ಪರದೆಯನ್ನು ನೋಡಲೇ ಇಲ್ಲ. ಹೆಬ್ಬೆರಳನ್ನು ಗುಂಡಿಗಳ ಮೇಲೆ ಮೆಲ್ಲಗೆ ಆಡಿಸಿ, ನಡುವಿನ 5ರ ಮೇಲಿರುವ ಆ ಸಣ್ಣ ಉಬ್ಬನ್ನು ಹುಡುಕಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಎಣಿಸಿಕೊಂಡು ಮಗಳ ನಂಬರನ್ನು ಒತ್ತಿದರು. "ಮಗಾ, ಇದ್ರಲ್ಲಿ ಒತ್ತಿದ್ದು ಒತ್ತಿದ ಹಾಗೆ ಗೊತ್ತಾಗ್ತದೆ, ಅದ್ರಲ್ಲಿ ನಾ ಮುಟ್ಟಿದ್ನೋ ಇಲ್ವೋ ಅಂತ್ಲೇ ತಿಳಿಯೂದಿಲ್ಲ" ಎಂದು ಅವರು ಹೇಳಿದ ಮಾತಿನಲ್ಲಿ ಈ ವಿಷಯದ ತಿರುಳೆಲ್ಲ ಅಡಗಿದೆ. ಒತ್ತಿದಾಗ ಬೆರಳಿಗೆ ಉತ್ತರ ಕೊಡುವ ಗುಂಡಿ ಹಿರಿಯರಲ್ಲಿ ಧೈರ್ಯವನ್ನು ಹುಟ್ಟಿಸುತ್ತದೆ. ಗುಂಡಿಗಳ ನಡುವೆ ಅಂತರವಿರುವ, ಒತ್ತಿದರೆ 'ಟಕ್' ಎಂದು ಕೆಳಗಿಳಿಯುವ, ಒತ್ತಿದ ಅಂಕಿಯನ್ನು ಉಚ್ಚರಿಸಿ ಹೇಳುವ ಸೆಟ್ಟು ಸಿಕ್ಕಿದರೆ ಅದಕ್ಕಾಗಿ ಇನ್ನೂರು ಮುನ್ನೂರು ರೂಪಾಯಿ ಹೆಚ್ಚು ತೆರುವುದು ದುಂದಲ್ಲ.

ಸೆಟ್ಟಿಗಿಂತ ಮೊದಲು ಟವರು

ಫೋನು ಎಷ್ಟೇ ಒಪ್ಪವಾಗಿದ್ದರೂ ಹಿರಿಯರು ವಾಸಿಸುವ ಮನೆಯೊಳಗೆ ರೇಂಜ್ ಸಿಗದಿದ್ದರೆ ಅದರಿಂದ ಪ್ರಯೋಜನವಿಲ್ಲ. ಮಲೆನಾಡಿನ ಎಷ್ಟೋ ಕಣಿವೆಗಳಲ್ಲಿ ಬಿಎಸ್‌ಎನ್‌ಎಲ್ ಟವರೊಂದೇ ಗತಿ. ಬಯಲುಸೀಮೆಯಲ್ಲಿ ಖಾಸಗಿ ಕಂಪನಿಗಳದು ಚೆನ್ನಾಗಿರಬಹುದು. ಆದುದರಿಂದ ಯಾವ ಸಿಮ್ ಆ ಮನೆಯ ಅಡಿಗೆಕೋಣೆಯಲ್ಲಿಯೂ ಮಲಗುವ ಕೋಣೆಯಲ್ಲಿಯೂ ಕೆಲಸ ಮಾಡುತ್ತದೆಂಬುದನ್ನು ಅಕ್ಕಪಕ್ಕದವರಲ್ಲಿ ವಿಚಾರಿಸಿ, ಅನಂತರ ಆ ಸಿಮ್ಮಿಗೆ ಹೊಂದುವ ಸೆಟ್ಟನ್ನು ಕೊಳ್ಳಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಜಿಯೋ ಕಂಪನಿಗೆ 2ಜಿ ಜಾಲವಿಲ್ಲ, ಅದರ ಸಿಮ್ಮನ್ನು 2ಜಿ ಮಾತ್ರ ಬಲ್ಲ ಹಳೆಯ ಬಗೆಯ ಸೆಟ್ಟಿಗೆ ಹಾಕಿದರೆ ಕರೆ ಹೋಗುವುದೇ ಇಲ್ಲ. 2ಜಿ ಸೆಟ್ಟು ಇತರ ಕಂಪನಿಗಳ ಸಿಮ್ಮಿನಲ್ಲಿ ಇಂದಿಗೂ ನಡೆಯುತ್ತದೆಯಾದರೂ, ಮುಂದಿನ ವರ್ಷಗಳನ್ನು ನೆನೆದು 4ಜಿ ಕೀಪ್ಯಾಡ್ ಸೆಟ್ಟನ್ನು ಆರಿಸುವುದೇ ಜಾಣತನ. ಡಬ್ಬಿಯ ಮೇಲೆ '4ಜಿ ವೋಲ್ಟಿ' ಎಂದು ಬರೆದಿರಬೇಕು.

ಬ್ಯಾಟರಿಯನ್ನು ಮನೆಯಲ್ಲಿಯೇ ತೆಗೆದು ಬದಲಾಯಿಸುವಂತಿರುವುದು, ಚಾರ್ಜರಿನ ಪಿನ್ನು ಉಲ್ಟಾ ಸೀದಾ ನೋಡುವ ಗೊಂದಲವಿಲ್ಲದೆ ಕತ್ತಲಲ್ಲಿಯೂ ಸೇರುವಂತಿರುವುದು, ನಾಲ್ಕು ದಿನ ಕರೆಂಟ್ ಹೋದರೂ ಫೋನು ಬದುಕಿರುವುದು, ಇವೆಲ್ಲ ಮಳೆಗಾಲದ ಊರಿನಲ್ಲಿ ಸಣ್ಣ ಗುಣಗಳಲ್ಲ. ಇನ್ನು 'ಕರೆನ್ಸಿ'ಯ ಮಾತು. ಇಂಟರ್‌ನೆಟ್ಟನ್ನು ಮುಟ್ಟದ ಹಿರಿಯರೂ ಬಹುಕಾಲ ಡೇಟಾ ಸೇರಿದ ಪ್ಯಾಕಿಗೇ ಹಣ ತೆರಬೇಕಾಗಿತ್ತು. ಈ ಅನ್ಯಾಯವನ್ನು ಗಮನಿಸಿದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಮಾತು ಮತ್ತು ಎಸ್‌ಎಂಎಸ್‌ಗಳಿಗಷ್ಟೇ ಸೀಮಿತವಾದ ಪ್ಯಾಕನ್ನು ಕಂಪನಿಗಳು ಕೊಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ವಿಧಿಸಿತು. ಅಂಥ ಪ್ಯಾಕಿನ ಅವಧಿ 365 ದಿನಗಳವರೆಗೂ ಇರಬಹುದೆಂದು ಅನುಮತಿಸಿತು. ವರ್ಷಕ್ಕೊಮ್ಮೆ ಮಕ್ಕಳು ಹಾಕಿಸಿಬಿಟ್ಟರೆ, ತುರ್ತಿನ ಹೊತ್ತಿಗೆ ಕರೆನ್ಸಿ ಮುಗಿದಿದೆಯೆಂಬ ಆತಂಕ ಹಿರಿಯರಿಗಿರದು. ಅಂಗಡಿಯವರು ಈ ಪ್ಯಾಕನ್ನು ತಾವಾಗಿ ಹೇಳುವುದು ಕಡಿಮೆ, ಕೇಳಿ ಪಡೆಯಬೇಕು.

ಕೊಂಡ ಮೇಲಿನ ಕೆಲಸ

ಫೋನನ್ನು ಕೊಂಡುಕೊಟ್ಟಲ್ಲಿಗೆ ಅರ್ಧ ಕೆಲಸವಾದಂತೆ. ಅದನ್ನು ಅಣಿಮಾಡಿಕೊಡುವುದು ಉಳಿದ ಅರ್ಧ. ಹೆಸರುಗಳನ್ನು ಹಿರಿಯರು ಕರೆಯುವ ರೀತಿಯಲ್ಲಿಯೇ, ಕನ್ನಡದಲ್ಲಿಯೇ ಸೇರಿಸಬೇಕು. ದೊಡ್ಡಮ್ಮನ ಫೋನಿನಲ್ಲಿರುವ ಹೆಸರುಗಳು 'ಮೂಲೆಮನೆ', 'ಕೆಳಮನೆ ತಮ್ಮ', 'ಆಟೋ', 'ಸೊಸೈಟಿ' ಇಂಥವು. ಅವರ ಲೋಕ ಹೇಗಿದೆಯೋ ಫೋನಿನ ಪಟ್ಟಿಯೂ ಹಾಗೆಯೇ ಇದೆ. ಭಾರತದಲ್ಲಿ ಮಾರುವ ಮೊಬೈಲುಗಳಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳ ಸಂದೇಶಗಳನ್ನೂ ಓದಲು ಬರುವಂತಿರಬೇಕೆಂಬ ಮಾನಕವಿರುವುದರಿಂದ, ಕನ್ನಡದ ಎಸ್‌ಎಂಎಸ್ ಚೌಕಚೌಕವಾಗಿ ಕಾಣುವ ಸೆಟ್ಟನ್ನು ಒಪ್ಪಿಕೊಳ್ಳಬೇಕಾದ ಕಾರಣವಿಲ್ಲ. ಕನ್ನಡದಲ್ಲಿ ಟೈಪ್ ಮಾಡುವ ಅನುಕೂಲ ಮಾತ್ರ ಎಲ್ಲದರಲ್ಲಿಯೂ ಇರದು. ಅದನ್ನು ಕೊಳ್ಳುವ ಮುನ್ನವೇ ನೋಡಿಕೊಳ್ಳಬೇಕು.

ಒಂದೇ ಗುಂಡಿಯನ್ನು ಒತ್ತಿಹಿಡಿದರೆ ಬೇಕಾದವರಿಗೆ ಕರೆ ಹೋಗುವ ಸ್ಪೀಡ್ ಡಯಲ್ಲನ್ನು ನಾಲ್ಕೈದು ಮಂದಿಗೆ ಮೀರದಂತೆ ಇಡುವುದು ಒಳ್ಳೆಯದು. ಆದರೆ ಇಲ್ಲಿ 5 ಮತ್ತು 9ರ ಗುಂಡಿಗಳನ್ನು ಬಿಟ್ಟುಬಿಡಬೇಕು. ಏಕೆಂದರೆ 2016ರ ಕೇಂದ್ರ ನಿಯಮದ ಮೇರೆಗೆ, 2017ರಿಂದೀಚೆಗೆ ಮಾರಾಟವಾಗುವ ಕೀಪ್ಯಾಡ್ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿಹಿಡಿದರೆ ತುರ್ತುಕರೆ ಹೋಗುವಂತಿರಬೇಕು. ಯಾವ ಗುಂಡಿ ಎಂಬುದನ್ನು ಹಿರಿಯರಿಗೆ ತೋರಿಸಿಕೊಡಬೇಕು, 112 ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡಿಸಬೇಕು. ಬೇಡದ ವ್ಯಾಪಾರದ ಕರೆಗಳನ್ನು ತಡೆಯುವಂತೆ 1909ಕ್ಕೆ ಹೇಳಿ ನೋಂದಾಯಿಸಬೇಕು. ಅಷ್ಟೂ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಒಂದು ಪುಸ್ತಕದಲ್ಲಿ ಬರೆದು ಫೋನಿನ ಬಳಿ ಇಡಬೇಕು. ಯಂತ್ರ ಕೈಕೊಟ್ಟಾಗ ಬರಹ ಕೈಹಿಡಿಯುತ್ತದೆ.

ವಂಚಕರ ವಿಚಾರವನ್ನು ಮುಚ್ಚಿಡದೆ ಹೇಳತಕ್ಕದ್ದು. ವೀಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೋರಿಸಿ 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸಿ ವೃದ್ಧರ ಜೀವಮಾನದ ಉಳಿತಾಯವನ್ನು ದೋಚುವ ಹೀನ ಕೃತ್ಯಗಳು ನಡೆದಿವೆ. ಅಂಥ ಬಂಧನ ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ. ವೀಡಿಯೊ ಇಲ್ಲದ ಸರಳ ಫೋನು ಆ ಒಂದು ಬಾಗಿಲನ್ನು ಮುಚ್ಚುತ್ತದೆ. ಆದರೆ ಮಾತಿನಲ್ಲಿಯೇ ಮರುಳುಮಾಡಿ ಓಟಿಪಿ ಕೇಳುವ ಬಾಗಿಲು ತೆರೆದೇ ಇರುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಜಮೆಯಾದ ಸಂದೇಶ, ಪಿಂಚಣಿಯ ಸಂದೇಶ, ಬ್ಯಾಂಕಿನ ಓಟಿಪಿ ಎಲ್ಲವೂ ಬರುವುದು ಈ ಪುಟ್ಟ ಪರದೆಗೇ. ಯಾರು ಕೇಳಿದರೂ ಆ ಅಂಕಿಗಳನ್ನು ಹೇಳಬಾರದು, ಹೆದರಿಸಿದರೆ ಫೋನಿಟ್ಟು ಮಕ್ಕಳಿಗೆ ಕರೆಮಾಡಬೇಕು, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಬೇಕು. ಈ ಮೂರನ್ನು ಗದರಿಸದೆ, ಮತ್ತೆ ಮತ್ತೆ, ಸಮಾಧಾನದಿಂದ ಹೇಳುವವರು ಮನೆಯಲ್ಲಿರಬೇಕು.

ಅವರದೇ ಆಯ್ಕೆ

ಸರಳ ಫೋನು ಎಲ್ಲ ಹಿರಿಯರಿಗೂ ತಕ್ಕುದೆಂದು ನಾನು ವಾದಿಸುವುದಿಲ್ಲ. ಹೊರದೇಶದಲ್ಲಿರುವ ಮೊಮ್ಮಗುವಿನ ಮುಖವನ್ನು ವಾಟ್ಸಾಪಿನಲ್ಲಿ ಕಂಡು ದಿನವೆಲ್ಲ ಹಿಗ್ಗುವ ಅಜ್ಜಂದಿರುಂಟು. ಯೂಟ್ಯೂಬಿನಲ್ಲಿ ಯಕ್ಷಗಾನವನ್ನೂ ಗಮಕವನ್ನೂ ಹುಡುಕಿ ಕೇಳುವ ಅಜ್ಜಿಯರುಂಟು. ಅವರ ಕೈಯಿಂದ ಟಚ್ ಸೆಟ್ಟನ್ನು ಕಿತ್ತು ಗುಂಡಿಯ ಫೋನನ್ನು ಇಡುವುದು ಇನ್ನೊಂದು ಬಗೆಯ ದಬ್ಬಾಳಿಕೆಯೇ ಆದೀತು. ಸರಳ ಫೋನು ಹಿಡಿದವರು ಹಣದ ವ್ಯವಹಾರದಿಂದ ಹೊರಗುಳಿಯಬೇಕೆಂದೂ ಇಲ್ಲ. ಅಂಥ ಫೋನಿನಿಂದಲೇ ಯುಪಿಐ ಪಾವತಿ ಮಾಡಲು ಅನುವಾಗುವ 123ಪೇ ಎಂಬ ಏರ್ಪಾಡನ್ನು ರಿಸರ್ವ್ ಬ್ಯಾಂಕು 2022ರ ಮಾರ್ಚಿನಲ್ಲಿ ಆರಂಭಿಸಿತು. ಬೇಕೆನಿಸಿದರೆ ಮಾತಿಗೊಂದು ಸರಳ ಫೋನು, ನೋಟಕ್ಕೊಂದು ದೊಡ್ಡ ಪರದೆ ಎಂದು ಎರಡನ್ನೂ ಇಟ್ಟುಕೊಳ್ಳಬಹುದು. ಮುಖ್ಯವಾದ ಮಾತು ಇಷ್ಟೆ: ಯಾವುದು ಬೇಕೆಂಬ ನಿರ್ಧಾರ ಅದನ್ನು ಬಳಸುವವರದಾಗಿರಬೇಕು.

ಯಾರನ್ನೂ ಕಾಡದೆ, ಯಾರ ನೆರವನ್ನೂ ಬೇಡದೆ, ತನಗೆ ಬೇಕಾದಾಗ ಬೇಕಾದವರೊಡನೆ ತಾನೇ ಮಾತನಾಡಬಲ್ಲೆನೆಂಬ ಭರವಸೆ ವೃದ್ಧಾಪ್ಯದಲ್ಲಿ ದೊಡ್ಡ ಸಂಪತ್ತು. ಆ ಭರವಸೆಯನ್ನು ಕೊಡಬಲ್ಲ ಫೋನು ಎರಡು ಸಾವಿರ ರೂಪಾಯಿಯದಾಗಿದ್ದರೂ ಉತ್ತಮವಾದುದು. ಅದನ್ನು ಕಸಿದುಕೊಳ್ಳುವ ಫೋನು ಐವತ್ತು ಸಾವಿರದ್ದಾದರೂ ಹಿರಿಯರ ಪಾಲಿಗೆ ಹೊರೆಯೇ. ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟು: ಮುಂದಿನ ಸಲ ಹಿರಿಯರಿಗಾಗಿ ಫೋನು ಕೊಳ್ಳುವಾಗ ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿರಿ, ಸೆಟ್ಟನ್ನು ಅವರ ಕೈಗೆ ಕೊಟ್ಟು, ಅವರೇ ಒಂದು ನಂಬರು ಒತ್ತಿ ಮಾತನಾಡುವವರೆಗೆ ಅವಸರಪಡಿಸದೆ ನಿಂತಿರಿ, ಅವರು ಒಪ್ಪಿದ ಮೇಲೆ ಹಣ ಕೊಡಿರಿ. ಮನೆಯಲ್ಲಿ ಕೇಳುವವರಿಲ್ಲದ ಹಿರಿಯರು ನಿಮ್ಮ ಬೀದಿಯಲ್ಲಿದ್ದರೆ, ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ನ್ನು ಅವರ ಫೋನಿನಲ್ಲಿಯೂ ಸೇರಿಸಿಕೊಡಿರಿ. ಆಮೇಲೆ, ಅವರು ಕರೆಮಾಡಿದಾಗ ಎತ್ತಿ ಮಾತನಾಡಿರಿ. ಫೋನನ್ನು ಕೊಂಡುಕೊಟ್ಟುದು ಅದಕ್ಕಾಗಿಯೇ ಅಲ್ಲವೆ?